ಚೇಂಬರಿಗೆ ನೀರು ಬಂತಾ? ಹೆಡ್ ಆಮೇಲೆ ಇಳಿಸೋಣ

ದಾವಣಗೆರೆಯ ನಮ್ಮ ಗ್ಯಾರೇಜಿಗೆ ಬರುವುದೆಲ್ಲ ಹಳೇ ಲಾರಿಗಳು. ಟಾಟಾ 1613, 2515, ನಡುವೆ ಒಂದೊಂದು ಲೇಲ್ಯಾಂಡ್. ಮೆಕ್ಕೆಜೋಳದ ಲೋಡ್ ಹೊತ್ತು ಶಿರಾಡಿ ಘಾಟಿ ಇಳಿದು ಹತ್ತಿದ ಗಾಡಿ ಆಯಿಲ್‌ನಲ್ಲಿ ನೀರು ಅಂತ ಬಂದು ನಿಂತರೆ, ಡ್ರೈವರ್ ಬಾಯಲ್ಲಿ ಉತ್ತರ ಆಗಲೇ ರೆಡಿ: "ಹೆಡ್ ಗ್ಯಾಸ್ಕೆಟ್ ಹೋಗಿದೆ." ಅಂದರೆ ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲು. ಹೋಗಿರಬಹುದು. ಆದರೆ ನೀರು ಚೇಂಬರಿಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ಇಳಿಯೋಕೆ ಬೇರೆ ದಾರಿಗಳೂ ಇವೆ. ಅದರಲ್ಲಿ ಎರಡಕ್ಕೆ ಹೆಡ್ ಮುಟ್ಟುವ ಕೆಲಸವೇ ಇಲ್ಲ: ಒಂದು ಎಂಜಿನ್ ನೀರಿನಿಂದಲೇ ಆಯಿಲ್ ತಂಪು ಮಾಡುವ ಆಯಿಲ್ ಕೂಲರ್, ಇನ್ನೊಂದು ಬ್ರೇಕಿನ ಏರ್ ಕಂಪ್ರೆಸರ್. ಆ ಎರಡನ್ನು ಮೊದಲು ನೋಡಿ ಅನ್ನುವುದೇ ನನ್ನ ಮಾತು.

ಇಲ್ಲಿ ಹೇಳುವುದು ಮುಖ್ಯವಾಗಿ 6ಬಿಟಿ ಕಮಿನ್ಸ್ ಲೆಕ್ಕದಲ್ಲಿ. 5.9 ಲೀಟರ್, ಆರು ಸಿಲಿಂಡರ್, ನಮ್ಮ ಕಡೆಯ ಹಳೇ ಟಾಟಾಗಳಲ್ಲಿ ಧಾರಾಳವಾಗಿ ಸಿಗುವ ಎಂಜಿನ್. ಇದರಲ್ಲಿ ಲೈನರ್ (ಬ್ಲಾಕಿನೊಳಗೆ ಬೇರೆಯಾಗಿ ಕೂರಿಸುವ ಸಿಲಿಂಡರ್ ಕೊಳವೆ) ಇಲ್ಲ, ಪಿಸ್ಟನ್ ಓಡುವ ಬೋರ್ ಬ್ಲಾಕಿನಲ್ಲೇ ಇದೆ. ಹಾಗಾಗಿ "ಲೈನರ್ ರಿಂಗ್ ಲೀಕ್" ಅಂತ ಯಾರಾದರೂ ಈ ಎಂಜಿನ್‌ಗೆ ಹೇಳಿದರೆ, ಸುಮ್ನೆ ನಕ್ಕು ಬೇರೆ ಗ್ಯಾರೇಜ್ ನೋಡಿಕೊಳ್ಳಿ.

ಮೊದಲು ನೀರು ನಿಜವಾಗಿ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡಿನ ಕಡೆ ಸಣ್ಣ ಸಣ್ಣ ಟ್ರಿಪ್ ಹೊಡೆಯುವ ಗಾಡಿಗಳಲ್ಲಿ, ಆಯಿಲ್ ಹಾಕುವ ಮುಚ್ಚಳದ ಒಳಗೆ ಬಿಳಿ ನೊರೆ ಕಟ್ಟುತ್ತದೆ. ಅದು ತೇವ, ಅಷ್ಟೇ. ಎಂಜಿನ್ ಚೆನ್ನಾಗಿ ಬಿಸಿಯಾದರೆ ತಾನೇ ಹೋಗುತ್ತದೆ. ಡಿಪ್‌ಸ್ಟಿಕ್ ಮೇಲಿನ ಆಯಿಲ್ಲೇ ಹಾಲು ಜಾಸ್ತಿಯಾದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಯೋಚನೆ ಮಾಡಿ. ಆಯಿಲ್ ಹಾಕದೆ ಲೆವೆಲ್ ಏರಿದ್ದರೂ ಅನುಮಾನ ಬರಬೇಕು. ಆದರೆ ಡೀಸೆಲ್ ಇಳಿದರೂ ಲೆವೆಲ್ ಏರುತ್ತದೆ. ಡೀಸೆಲ್ ಸೇರಿದ ಆಯಿಲ್ ತೆಳ್ಳಗೆ, ಕಪ್ಪಾಗೇ ಇರುತ್ತದೆ, ಮೂಸಿದರೆ ಗೊತ್ತಾಗುತ್ತದೆ. ಅದು ಪಂಪ್, ನಾಜಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ಕಡೆಯ ಕಥೆ, ಇಲ್ಲಿ ಬೇಡ.

ಖಾತ್ರಿಗೆ ನಾನು ಮಾಡುವುದು ಇಷ್ಟು. ಗಾಡಿಯನ್ನು ಸಮತಟ್ಟು ಜಾಗದಲ್ಲಿ ರಾತ್ರಿ ಪೂರ್ತಿ ನಿಲ್ಲಿಸುತ್ತೇನೆ. ಬೆಳಿಗ್ಗೆ ಸ್ಟಾರ್ಟ್ ಮಾಡದೆ ಚೇಂಬರ್ ಡ್ರೈನ್ ನಟ್ಟನ್ನು ಎರಡು ಸುತ್ತು ಸಡಿಲಿಸುತ್ತೇನೆ. ನೀರು ಭಾರ, ತಳದಲ್ಲಿ ಕೂತಿರುತ್ತದೆ, ಮೊದಲು ಅದೇ ತೊಟ್ಟಿಕ್ಕುತ್ತದೆ. ಪೂರ್ತಿ ಬೆರೆತು ಹೋಗಿದ್ದರೆ ಹೀಗೆ ಬೇರೆಯಾಗಿ ಬರುವುದಿಲ್ಲ. ಆಗ ಒಂದು ಕಬ್ಬಿಣದ ತಗಡು ಕಾಯಿಸಿ ಅದರ ಮೇಲೆ ಒಂದು ಹನಿ ಆಯಿಲ್ ಬಿಡಿ. ನೀರಿದ್ದರೆ ಚಟಚಟ ಅಂತ ಸಿಡಿಯುತ್ತದೆ, ಮುಖ ದೂರ ಇರಲಿ. ಕೂಲಂಟ್ ಹೌದಾ ಅಂತ ನಾಲಿಗೆಗೆ ಹಚ್ಚಿ ನೋಡುವ ಹಳೇ ಚಟ ಮಾತ್ರ ಬಿಡಿ. ಸಿಹಿ ಇರುತ್ತದೆ, ಆದರೆ ವಿಷ.

ನೀರು ಇದೆ ಅಂತ ಗೊತ್ತಾದ ಮೇಲೆ ಎಂಜಿನ್ ಓಡಿಸಬೇಡಿ. ಸೆಲ್ಫ್ ಕೂಡ ಹೊಡೆಯಬೇಡಿ. ಪಿಸ್ಟನ್ ಮೇಲೆ ನೀರು ನಿಂತಿದ್ದರೆ ಅದು ಒತ್ತಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನಾಜಲ್ ಬಿಚ್ಚಿ ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಯಾವ ತೂತಿನಿಂದ ನೀರು ಚಿಮ್ಮುತ್ತದೋ ಆ ಸಿಲಿಂಡರ್‌ನಲ್ಲಿ ತೊಂದರೆ ಇದೆ. ಆಗ ಹೆಡ್ ಇಳಿಸಲೇಬೇಕು, ಚರ್ಚೆ ಇಲ್ಲ.

ಯಾವ ತೂತಿನಿಂದಲೂ ಬರಲಿಲ್ಲ ಅಂದರೆ ಈಗ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಎಂಜಿನ್ ತಣ್ಣಗಿರಬೇಕು. ಒಳಗೆ ಆಯಿಲ್ ತೇಲುತ್ತಿದೆಯಾ? ಬೆರಳಿಗೆ ಜಿಡ್ಡು ಹತ್ತುತ್ತದೆಯಾ? ಇಡೀ ಪರೀಕ್ಷೆಯಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಹೇಳುವುದು ಈ ಒಂದು ನೋಟ. ಲೆಕ್ಕ ಸುಲಭ. ಗಾಡಿ ಓಡುವಾಗ ಆಯಿಲ್ ಪ್ರೆಶರ್ 40ರಿಂದ 60 ಪಿಎಸ್‌ಐ ಇರುತ್ತದೆ. ರೇಡಿಯೇಟರ್ ಮುಚ್ಚಳ ತಡೆಯುವುದು 7ರಿಂದ 15 ಅಷ್ಟೇ. ಆಯಿಲ್ ಕೂಲರ್ ಒಳಗೆ ಸೀಳಿದ್ದರೆ ಓಡುವಾಗ ಆಯಿಲ್ ಹೋಗಿ ನೀರಿಗೆ ಸೇರುತ್ತದೆ. ಎಂಜಿನ್ ಆಫ್ ಮಾಡಿದ ತಕ್ಷಣ ಆಯಿಲ್ ಪ್ರೆಶರ್ ಸೊನ್ನೆ. ಆದರೆ ಬಿಸಿ ನೀರಿನಲ್ಲಿ ಒತ್ತಡ ಇನ್ನೂ ಇರುತ್ತದೆ, ಅದು ಅದೇ ಸೀಳಿನಿಂದ ಆಯಿಲ್‌ಗೆ ನುಗ್ಗುತ್ತದೆ. ಅಂದರೆ ಎರಡೂ ಕಡೆ ಕಲಬೆರಕೆ ಇದ್ದರೆ ಮೊದಲ ಅನುಮಾನ ಕೂಲರ್ ಮೇಲೆ. ಚೇಂಬರಿನಲ್ಲಿ ನೀರಿದೆ, ರೇಡಿಯೇಟರ್ ಮಾತ್ರ ಸ್ವಚ್ಛ ಅಂದರೆ ಕಂಪ್ರೆಸರ್, ಗ್ಯಾಸ್ಕೆಟ್ ಅಥವಾ ಬಿರುಕಿನ ಕಡೆ ತಲೆ ಓಡಿಸಿ.

ಹೋದ ಮಳೆಗಾಲದಲ್ಲಿ ಒಂದು 2515 ಬಂದಿತ್ತು. ಬೇರೆ ಊರಿನ ಗ್ಯಾರೇಜಿನವರು ಹೆಡ್ ಕೆಲಸಕ್ಕೆ ಎಸ್ಟಿಮೇಟ್ ಕೊಟ್ಟು, ಗ್ಯಾಸ್ಕೆಟ್ ಕಿಟ್ಟೂ ತರಿಸಿ ಇಟ್ಟಿದ್ದರಂತೆ. ಮುಚ್ಚಳ ತೆಗೆದರೆ ಕುತ್ತಿಗೆಯವರೆಗೆ ಕಂದು ಬಣ್ಣದ ಗ್ರೀಸಿನಂಥ ಕೆನೆ. ಮೇಲಿನ ಹೋಸ್ ಅದುಮಿದರೆ ಮೆತ್ತಗೆ, ಆಯಿಲ್ ಕುಡಿದು ಉಬ್ಬಿತ್ತು. 6ಬಿಟಿಯಲ್ಲಿ ಕೂಲರ್ ಇರುವುದು ಬ್ಲಾಕಿನ ಪಕ್ಕದಲ್ಲೇ, ಆಯಿಲ್ ಫಿಲ್ಟರ್ ಕೂರುವ ಕವರಿನ ಹಿಂದೆ. ನೀರು ಇಳಿಸಿ, ಫಿಲ್ಟರ್ ಬಿಚ್ಚಿ, ಟರ್ಬೊಗೆ ಹೋಗುವ ಆಯಿಲ್ ಪೈಪ್ ಕಳಚಿ, ಕವರಿನ ಬೋಲ್ಟ್ ತೆಗೆದರೆ ತಟ್ಟೆ ತಟ್ಟೆಯಾಗಿ ಜೋಡಿಸಿದ ಕೋರ್ ಕೈಗೆ ಬರುತ್ತದೆ. ಅದರ ಆಯಿಲ್ ತೂತುಗಳಲ್ಲಿ ಒಂದನ್ನು ರಬ್ಬರ್ ಇಟ್ಟು ಬಿಗಿಯಾಗಿ ಮುಚ್ಚಿ, ಇನ್ನೊಂದಕ್ಕೆ 60–70 ಪಿಎಸ್‌ಐ ಗಾಳಿ ಕೊಟ್ಟು ನೀರಿನಲ್ಲಿ ಮುಳುಗಿಸಿದೆ. ತಣ್ಣೀರಿನಲ್ಲಿ ಏನೂ ಇಲ್ಲ. ಬಕೆಟ್ಟಿಗೆ ಕುದಿಯುವ ನೀರು ಸುರಿದು ಕಾದೆ. ಎರಡನೇ ತಟ್ಟೆಯ ಅಂಚಿನಿಂದ ಸೂಜಿ ಮೊನೆಯಷ್ಟು ಗುಳ್ಳೆಗಳ ಸಾಲು ಏಳತೊಡಗಿತು. ಬಿಸಿಗೆ ಮಾತ್ರ ಬಾಯಿ ಬಿಡುವ ಸೀಳು ಅದು. ತಣ್ಣೀರಿನ ಪರೀಕ್ಷೆ ಪಾಸಾದ ಕೂಲರನ್ನು ನಾನು ನಂಬದೇ ಇರುವುದು ಇದಕ್ಕೇ. ಕೋರ್ ಬದಲಾಯಿಸಿದೆವು, ಎರಡು ಗ್ಯಾಸ್ಕೆಟ್ ಹೊಸದು ಹಾಕಿದೆವು. ಹೆಡ್ ಕಿಟ್ಟು ಪ್ಯಾಕೆಟ್ಟಿನಲ್ಲೇ ಉಳಿಯಿತು.

ಎರಡನೆಯದು ಬ್ರೇಕಿನ ಏರ್ ಕಂಪ್ರೆಸರ್. ಇದನ್ನು ಬಹಳ ಮಂದಿ ಮರೆಯುತ್ತಾರೆ. ಎಂಜಿನ್ ನೀರೇ ಅದರ ಹೆಡ್ ತಂಪು ಮಾಡುತ್ತದೆ, ಎಂಜಿನ್ ಆಯಿಲ್ಲೇ ಅದಕ್ಕೂ ಹೋಗಿ ಚೇಂಬರಿಗೆ ವಾಪಸ್ ಬರುತ್ತದೆ. ಅದರ ಪುಟ್ಟ ಹೆಡ್ ಗ್ಯಾಸ್ಕೆಟ್ ಸೋತರೆ ನೀರು ರಿಂಗ್ ದಾಟಿ ಆಯಿಲ್‌ಗೆ ಇಳಿಯುತ್ತದೆ, ಇಲ್ಲವೇ ಗಾಳಿ ಟ್ಯಾಂಕಿಗೆ ಹೋಗುತ್ತದೆ. ಏರ್ ಟ್ಯಾಂಕ್ ಡ್ರೈನ್ ಮಾಡಿದಾಗ ಹಸಿರು ಕೂಲಂಟ್ ಬಂದರೆ ಕಳ್ಳ ಸಿಕ್ಕಿದ ಹಾಗೆ. ಬರೀ ನೀರು ತುಂಬಿಸಿ ಓಡಿಸುವವರಿಗೆ ಈ ಗುರುತು ಸಿಗುವುದಿಲ್ಲ, ಟ್ಯಾಂಕಿನಲ್ಲಿ ಹೇಗೂ ಒಂದಿಷ್ಟು ನೀರು ಇರುತ್ತದಲ್ವಾ?

ಇದೇ ಕಂಪ್ರೆಸರ್ ಇನ್ನೊಂದು ಆಟ ಆಡುತ್ತದೆ. ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಎಲ್ಲರೂ ಎಂಜಿನ್ ಹೆಡ್ ಗ್ಯಾಸ್ಕೆಟ್ ಅಂತಾರೆ. ಗಾಳಿ ಟ್ಯಾಂಕ್ ತುಂಬಿ ಅನ್‌ಲೋಡರ್ (ಟ್ಯಾಂಕ್ ತುಂಬಿದಾಗ ಗಾಳಿ ಒತ್ತುವುದನ್ನು ನಿಲ್ಲಿಸುವ ವಾಲ್ವ್) ಚುಸ್ ಅನ್ನುವವರೆಗೆ ಕಾಯಿರಿ. ಆ ಕ್ಷಣಕ್ಕೆ ಗುಳ್ಳೆ ನಿಂತರೆ, ಬ್ರೇಕ್ ಒತ್ತಿ ಗಾಳಿ ಖಾಲಿ ಮಾಡಿದಾಗ ಮತ್ತೆ ಶುರುವಾದರೆ, ತಪ್ಪು ಕಂಪ್ರೆಸರ್‌ದು. ಈ ಪರೀಕ್ಷೆಗೆ ಎಂಜಿನ್ ಓಡಿಸಲೇಬೇಕು. ಹಾಗಾಗಿ ನಾಜಲ್ ತೂತುಗಳು ಒಣಗಿವೆ ಅಂತ ನೋಡಿದ ಮೇಲೆ, ಕೆಟ್ಟ ಆಯಿಲ್ ಇಳಿಸಿ ಬೇರೆ ಹಾಕಿಕೊಂಡು, ಆಕ್ಸಿಲರೇಟರ್ ಒತ್ತದೆ ಸ್ಲೋದಲ್ಲಿ ಸ್ವಲ್ಪ ಹೊತ್ತು ಮಾತ್ರ. ಚುಸ್ ಆದ ಮೇಲೂ ಗುಳ್ಳೆ ಬರುತ್ತಲೇ ಇದ್ದರೆ ಅದು ಎಂಜಿನ್ ಗ್ಯಾಸ್. ಒಂದೊಂದೇ ನಾಜಲ್ ಪೈಪಿನ ನಟ್ ಪಂಪಿನ ಕಡೆ ಸಡಿಲಿಸಿ ನೋಡಿ, ಯಾವ ಸಿಲಿಂಡರ್ ಕಟ್ ಮಾಡಿದಾಗ ಗುಳ್ಳೆ ಕಡಿಮೆಯಾಗುತ್ತದೋ ಅಲ್ಲಿ ಗ್ಯಾಸ್ಕೆಟ್ ಅಥವಾ ಬಿರುಕು. ಡೀಸೆಲ್ ಚಿಮ್ಮುವ ಜಾಗಕ್ಕೆ ಬರಿಗೈ ಅಡ್ಡ ಇಡಬೇಡಿ, ಆ ಒತ್ತಡಕ್ಕೆ ಚರ್ಮದೊಳಗೇ ಹೋಗುತ್ತದೆ.

ಇಷ್ಟಕ್ಕೂ ಸುಳಿವು ಸಿಗದಿದ್ದರೆ ಚೇಂಬರ್ ಇಳಿಸಿ. ರೇಡಿಯೇಟರ್ ಬಾಯಿಗೆ ಪ್ರೆಶರ್ ಟೆಸ್ಟರ್ ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟು ಒತ್ತಡ ಕೊಟ್ಟು, ಕೆಳಗೆ ಒಣ ಪೇಪರ್ ಹಾಸಿ ಬಿಟ್ಟುಬಿಡಿ. ನಂತರ ಟಾರ್ಚ್ ಹಿಡಿದು ಕೆಳಗಿನಿಂದ ನೋಡಿ. ಬೋರಿನ ಒಳಗಿಂದ, ಪಿಸ್ಟನ್ ಪಕ್ಕದಲ್ಲಿ ಇಳಿದರೆ ಗ್ಯಾಸ್ಕೆಟ್, ಹೆಡ್ ಅಥವಾ ಬೋರ್ ಬಿರುಕು. ಹೊರಮೈಗೆ ನೀರು ನೇರವಾಗಿ ತಾಗುವ ವೆಟ್ ಲೈನರ್ ಇರುವ ಬೇರೆ ಎಂಜಿನ್‌ಗಳಲ್ಲಿ ಲೈನರ್ ಹೊರಮೈ ಗುಂಟ ಇಳಿದರೆ ಕೆಳಗಿನ ರಬ್ಬರ್ ರಿಂಗ್.

ಚೇಂಬರ್ ಇಳಿಸಿದ ಮೇಲೆ ಒಂದೆರಡು ಬಿಗ್ ಎಂಡ್ ಕ್ಯಾಪ್ (ಕನೆಕ್ಟಿಂಗ್ ರಾಡ್‌ನ ಕೆಳತುದಿಯ ಮುಚ್ಚಳ) ಬಿಚ್ಚಿ ಬೇರಿಂಗ್ ನೋಡಿಬಿಡಿ. ಮೇಲಿನ ಬೂದು ಪದರ ಹೋಗಿ ತಾಮ್ರ ಕಾಣಿಸಿದರೆ ಸೆಟ್ ಬದಲಾಯಿಸಿ, ನೀರು ಕುಡಿದ ಆಯಿಲ್ ಬೇರಿಂಗನ್ನು ಬಿಡುವುದಿಲ್ಲ.

ರಿಪೇರಿ ಆದ ಮೇಲೆ ಅಗ್ಗದ ಆಯಿಲ್ ಮತ್ತು ಹೊಸ ಫಿಲ್ಟರ್ ಹಾಕಿ ಹದಿನೈದು ನಿಮಿಷ ಸ್ಲೋದಲ್ಲಿ ಓಡಿಸಿ, ಬಿಸಿಯಲ್ಲೇ ಇಳಿಸಿ. ಇನ್ನೂ ಬೆಳ್ಳಗೆ ಬಂದರೆ ಇನ್ನೊಮ್ಮೆ. ಆಮೇಲೆ ಒಳ್ಳೆಯ ಆಯಿಲ್, ಮತ್ತೊಂದು ಫಿಲ್ಟರ್. ರೇಡಿಯೇಟರಿಗೆ ಆಯಿಲ್ ಹೋಗಿದ್ದರೆ ಥರ್ಮೋಸ್ಟಾಟ್ ತೆಗೆದು, ಜಿಡ್ಡು ಬಿಡಿಸುವ ಫ್ಲಶ್ ಹಾಕಿ ನೀರು ತಿಳಿಯಾಗುವವರೆಗೆ ತೊಳೆಯಿರಿ. ಉಬ್ಬಿದ ಹೋಸ್‌ಗಳನ್ನು ಉಳಿಸಿಕೊಳ್ಳಬೇಡಿ, ಘಾಟಿಯಲ್ಲಿ ಒಡೆಯುತ್ತವೆ. ಖಾಲಿ ಗಾಡಿಯಲ್ಲಿ ಒಂದು ರೌಂಡ್ ಹೋಗಿ ಬಂದು, ಮತ್ತೆ ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಡ್ರೈನ್ ನಟ್ ಸಡಿಲಿಸಿ ನೋಡಿ. ಬರೀ ಆಯಿಲ್ ಬಂದರೆ ಲೋಡ್ ಹಾಕಬಹುದು.