ಕೋಡಿಂಗ್‌ಗೆ ಬರುವ ಮನಸ್ಸಿದೆಯಾ? ರಾಜೀನಾಮೆ ಕೊನೆಗೆ ಇರಲಿ

ಸಾಫ್ಟ್‌ವೇರ್ ಕಲಿಯಬೇಕು ಅಂತ ಮನಸ್ಸಾದ ಕೂಡಲೇ ರಾಜೀನಾಮೆ ಬರೆಯಬೇಡಿ. ನಾನು ಮಂಗಳೂರಿನ ಹಂಪನಕಟ್ಟೆಯ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಉಡುಪಿಯಿಂದ ದಿನಾ ಎಕ್ಸ್‌ಪ್ರೆಸ್ ಬಸ್ಸು, ಹೋಗಿ ಬರುವುದರಲ್ಲೇ ಮೂರು ಗಂಟೆ ಮುಗಿಯುತ್ತಿತ್ತು, ಆದರೂ ಕಲಿತದ್ದೆಲ್ಲ ಆ ಕೆಲಸದಲ್ಲಿ ಇದ್ದಾಗಲೇ. ಬೆಳಿಗ್ಗೆ ಐದರಿಂದ ಆರೂವರೆ, ಅಷ್ಟೇ. ಬಸ್ಸಿನಲ್ಲಿ ವಿಡಿಯೋ ನೋಡಬಹುದು, ಆದರೆ ಕೈಯಾರೆ ಟೈಪ್ ಮಾಡದೆ ಕೋಡ್ ಬರುವುದಿಲ್ಲ.

ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್, ಯಾವುದಾದರೂ ಒಂದು ಪ್ರೋಗ್ರಾಮಿಂಗ್ ಭಾಷೆ ಹಿಡಿಯಿರಿ. ಹಾರ್ವರ್ಡ್‌ನ ಸಿಎಸ್50, ಫ್ರೀಕೋಡ್‌ಕ್ಯಾಂಪ್ ಈ ಎರಡು ಆನ್‌ಲೈನ್ ಕೋರ್ಸುಗಳನ್ನೂ ದುಡ್ಡಿಲ್ಲದೆ ಕಲಿಯಬಹುದು. ಮೂರು ತಿಂಗಳು ಅದನ್ನು ಮಾಡಿ ನೋಡದೆ ದುಬಾರಿ ಕೋರ್ಸಿಗೆ ಸಾಲ ಮಾಡಬೇಡಿ, ದಯವಿಟ್ಟು.

ಆಮೇಲೆ ನಿಮ್ಮ ಈಗಿನ ಕೆಲಸದ್ದೇ ಒಂದು ತಲೆನೋವನ್ನು ಪ್ರೋಗ್ರಾಂ ಮಾಡಿ. ಇದೇ ಮುಖ್ಯ. ನಾನು ಠೇವಣಿಯ ಬಡ್ಡಿ ಲೆಕ್ಕ ಹಾಕುವ ಪ್ರೋಗ್ರಾಂ ಬರೆದೆ. ಒಟ್ಟು ಮೊತ್ತದಲ್ಲಿ ಒಂದು ಪೈಸೆ ವ್ಯತ್ಯಾಸ ಬಂದು ತಾಳೆ ಆಗುತ್ತಿರಲಿಲ್ಲ. ಮೂರು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಪೈಥಾನ್‌ನಲ್ಲಿ ಬರೀ 0.1 + 0.2 ಹೊಡೆದೆ. ಬಂದ ಉತ್ತರ 0.30000000000000004! ಕಂಪ್ಯೂಟರಿಗೆ ಇರುವುದು ಸೊನ್ನೆ ಮತ್ತು ಒಂದು ಮಾತ್ರ. ನಾವು ಮೂರನೇ ಒಂದು ಭಾಗವನ್ನು 0.333 ಅಂತ ಎಷ್ಟು ಬರೆದರೂ ಮುಗಿಯುವುದಿಲ್ಲ ಅಲ್ವಾ, ಕಂಪ್ಯೂಟರಿಗೆ 0.1 ಕೂಡ ಹಾಗೆಯೇ. ರೂಪಾಯಿ ಬಿಟ್ಟು ಎಲ್ಲವನ್ನೂ ಪೈಸೆಯಲ್ಲಿ, ಪೂರ್ಣ ಸಂಖ್ಯೆಯಾಗಿ ಇಟ್ಟೆ. ಬಡ್ಡಿಯನ್ನು ಎಲ್ಲಿ ರೌಂಡ್ ಮಾಡಬೇಕು ಅನ್ನುವುದು ನನಗೆ ಮೊದಲೇ ಗೊತ್ತಿತ್ತು. ತಾಳೆ ಆಯಿತು. ಇಂಟರ್‌ವ್ಯೂನಲ್ಲಿ ಅರ್ಧ ಗಂಟೆ ಇದರ ಬಗ್ಗೆಯೇ ಮಾತಾಡಿದರು. ನಿಮ್ಮ ಹಳೆಯ ಕೆಲಸದ ತಿಳುವಳಿಕೆ ಹೊಸಬರ ಹತ್ತಿರ ಇರುವುದಿಲ್ಲ, ಅದನ್ನು ಬಿಟ್ಟುಕೊಡಬೇಡಿ. ಬರೆದದ್ದನ್ನು ಗಿಟ್‌ಹಬ್‌ನಲ್ಲಿ (ಕೋಡ್ ಇಟ್ಟು ಬೇರೆಯವರಿಗೆ ತೋರಿಸುವ ವೆಬ್‌ಸೈಟ್) ಹಾಕಿ, ಆದರೆ ಗ್ರಾಹಕರ ನಿಜವಾದ ಹೆಸರು, ಖಾತೆ ನಂಬರು ಒಂದೂ ಬೇಡ.

ಬೆಂಗಳೂರಿಗೇ ಹೋಗಬೇಕು ಅಂತಿಲ್ಲ. ಮಂಗಳೂರಿನ ಹತ್ತಿರ ಮುಡಿಪುವಿನಲ್ಲಿ ಇನ್ಫೋಸಿಸ್ ಇದೆ, ಉಡುಪಿಯಲ್ಲಿ 1996ರಲ್ಲೇ ರೋಬೋಸಾಫ್ಟ್ ಅನ್ನುವ ಸಾಫ್ಟ್‌ವೇರ್ ಕಂಪನಿ ಶುರುವಾಗಿತ್ತು. ನನ್ನ ಮಟ್ಟಿಗೆ, ದಾರಿ ಬದಲಿಸುವವರು ಸಣ್ಣ ಕಂಪನಿಗಳನ್ನು ಮೊದಲು ಕೇಳುವುದು ಒಳ್ಳೆಯದು. ದೊಡ್ಡವರು ಹೊಸಬರನ್ನು ಹೆಚ್ಚಾಗಿ ಕಾಲೇಜಿನಿಂದಲೇ ತೆಗೆದುಕೊಳ್ಳುತ್ತಾರೆ. ಟೆಸ್ಟಿಂಗ್, ಅಂದರೆ ಬೇರೆಯವರು ಬರೆದ ಪ್ರೋಗ್ರಾಂನಲ್ಲಿ ತಪ್ಪು ಹುಡುಕುವ ಕೆಲಸ ಸಿಕ್ಕರೂ ಸೇರಿಕೊಳ್ಳಿ.

ಆಫರ್ ಲೆಟರ್ ಕೈಗೆ ಬಂದ ಮೇಲೆ ರಾಜೀನಾಮೆ. ಅದಕ್ಕೂ ಮುಂಚೆ ಆರು ತಿಂಗಳ ಮನೆ ಖರ್ಚು ಬೇರೆ ತೆಗೆದಿಡಿ. ಈಗಿನ ಕೆಲಸದಲ್ಲಿ ನಾಲ್ಕೂವರೆ ವರ್ಷ ಆಗಿದ್ದರೆ ಐದು ತುಂಬುವವರೆಗೆ ಕಾಯಬಹುದಾ ನೋಡಿ, ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗಾಗಿ ಕೊಡುವ ಹಣ) ಸಿಗುತ್ತದೆ. ಪಿಎಫ್ ತೆಗೆಯಬೇಡಿ, 5 ವರ್ಷದೊಳಗೆ ತೆಗೆದರೆ ತೆರಿಗೆ ಬೀಳುತ್ತದೆ, ಸುಮ್ನೆ ಹೊಸ ಕಡೆಗೆ ವರ್ಗಾಯಿಸಿ. ಕೆಲಸದಿಂದ ಬಿಡುಗಡೆ ಮಾಡಿದ್ದೇವೆ ಅನ್ನುವ ರಿಲೀವಿಂಗ್ ಲೆಟರ್ ಕೇಳಿ ತೆಗೆದುಕೊಳ್ಳಿ. ಆಫೀಸಿನ ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ನಿಲ್ಲುತ್ತದೆ, ಅಪ್ಪ ಅಮ್ಮನ ಹೆಸರೂ ಅದರಲ್ಲಿದ್ದರೆ ಬೇರೆ ಪಾಲಿಸಿ ಮೊದಲೇ ಮಾಡಿಸಿಡಿ.