ಚಳಿಗಾಲಕ್ಕೆ ಮುಂಚೆ ಇದನ್ನೊಮ್ಮೆ ಓದಿ: ಓಸ್ಲೋಗೆ ಹೊಸದಾಗಿ ಬಂದವರಿಗೆ, ಎಲೆಕ್ಟ್ರಿಕ್ ಕಾರಿನ ಬಗ್ಗೆ

ಶಿರಾಡಿ ಘಾಟಿ ಹತ್ತುವಾಗ ನಮ್ಮಪ್ಪ ಎಸಿ ಆಫ್ ಮಾಡುತ್ತಿದ್ದರು. "ಪೆಟ್ರೋಲ್ ಜಾಸ್ತಿ ಕುಡಿಯುತ್ತೆ" ಅನ್ನುತ್ತಿದ್ದರು. ನಿಮ್ಮ ಮನೆಯಲ್ಲೂ ಹಾಗೇ ಅಲ್ವಾ? ಆ ಅಭ್ಯಾಸ ನನ್ನ ಜೊತೆ ನಾರ್ವೆಗೂ ಬಂತು. ಅದರಿಂದ ನನ್ನ ಮಗಳು ಒಂದು ಸಂಜೆ ಪಟ್ಟ ಪಾಡು ಇನ್ನೂ ಮರೆತಿಲ್ಲ.

ಇನ್ಶೂರೆನ್ಸ್, ಟೋಲ್ ಟ್ಯಾಗ್ ಎಲ್ಲ ಆನ್‌ಲೈನಿನಲ್ಲೇ ಮುಗಿಯುತ್ತದೆ. ನಮ್ಮೂರಿನ ಲೈಸೆನ್ಸ್ ಇಲ್ಲಿ ಮೂರು ತಿಂಗಳಷ್ಟೇ ನಡೆಯುವುದು, ಬಂದ ವಾರವೇ ವಿಚಾರಿಸಿ. 2024ರಲ್ಲಿ ಇಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ ಸುಮಾರು 89 ಎಲೆಕ್ಟ್ರಿಕ್. ಬಹುಶಃ ನೀವು ಕೊಳ್ಳುವುದೂ ಅದೇ.

ನಾನು ಮೊದಲು ಕೊಂಡದ್ದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು. ಎಷ್ಟು ಓಡಿದೆ, ಟೈರ್ ಹೇಗಿದೆ ಎಂದೆಲ್ಲ ಕೇಳಿದೆ. ಹೀಟ್ ಪಂಪ್ ಇದೆಯಾ ಅಂತ ಕೇಳಲಿಲ್ಲ. ಹಾಗೊಂದು ಇರುತ್ತದೆ ಅಂತಲೇ ಗೊತ್ತಿರಲಿಲ್ಲ. ಅದಿಲ್ಲದ ಕಾರಿನ ಹೀಟರ್ ಅಂದರೆ ಬಕೆಟ್‌ನಲ್ಲಿ ನೀರು ಕಾಯಿಸುವ ರಾಡ್ ಇದ್ದ ಹಾಗೆ. ಒಂದು ಯೂನಿಟ್ ಕರೆಂಟಿಗೆ ಒಂದೇ ಯೂನಿಟ್ ಬಿಸಿ. ಹೀಟ್ ಪಂಪ್ ಹಾಗಲ್ಲ. ಫ್ರಿಜ್ಜಿನ ಹಿಂದೆ ಕೈ ಇಟ್ಟರೆ ಬೆಚ್ಚಗಿರುತ್ತದಲ್ಲ, ಒಳಗಿನ ಬಿಸಿಯನ್ನು ಹೊರಗೆ ಸಾಗಿಸಿರುತ್ತದೆ. ಇಲ್ಲಿ ಅದೇ ಕೆಲಸ ತಿರುಗುಮುರುಗು. ಹೊರಗಿನ ತಣ್ಣನೆ ಗಾಳಿಯಲ್ಲೂ ಇರುವ ಬಿಸಿಯನ್ನು ಕಾರಿನೊಳಗೆ ತರುತ್ತದೆ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಒಂದು ಯೂನಿಟ್ಟಿಗೆ ಎರಡು, ಕೆಲವೊಮ್ಮೆ ಮೂರು ಯೂನಿಟ್ ಬಿಸಿ ಸಿಗುತ್ತದೆ.

ಆ ಜನವರಿಯಲ್ಲಿ ಯೈಲೋ ಅನ್ನುವ ಬೆಟ್ಟದ ಊರಿಗೆ ಹೊರಟೆವು. ಓಸ್ಲೋದಿಂದ ಸುಮಾರು 220 ಕಿಲೋಮೀಟರ್. ಇನ್ನು 290 ಕಿಲೋಮೀಟರ್ ಓಡುತ್ತದೆ ಅಂತ ಡ್ಯಾಶ್‌ಬೋರ್ಡ್ ತೋರಿಸುತ್ತಿತ್ತು, ನಂಬಿದೆ. ಹಾಲಿಂಗ್‌ದಾಲ್ ಕಣಿವೆಗೆ ಇಳಿದಾಗ ಮೈನಸ್ 19. ದಾರಿ ಹತ್ತು ಕಿಲೋಮೀಟರ್ ಸವೆದರೆ ಲೆಕ್ಕದಲ್ಲಿ ಇಪ್ಪತ್ತು ಹೋಗುತ್ತಿತ್ತು. ಅಪ್ಪನ ಹಾಗೆ ನಾನೂ ಕೈ ಚಾಚಿ ಹೀಟರ್ ಆಫ್ ಮಾಡಿದೆ. ಸ್ವಲ್ಪ ಹೊತ್ತಿಗೆ ಉಸಿರಿನ ಹಬೆ ಗಾಜಿನ ಒಳಗಡೆಯೇ ಹೆಪ್ಪುಗಟ್ಟಿತು. ಹಿಂದೆ ಐದು ವರ್ಷದ ಮಗಳು ಕಾಲು ಮಡಚಿ, ಎರಡೂ ಪಾದಗಳನ್ನು ಜಾಕೆಟ್ಟಿನೊಳಗೆ ಸೇರಿಸಿಕೊಂಡು ಕೂತಿದ್ದಳು. ಅಳಲಿಲ್ಲ, ಕೇಳಲೂ ಇಲ್ಲ. ದಾರಿಯಲ್ಲಿ ಸಿಗುವ ನೆಸ್‌ಬಿಯೆನ್ ಊರಿನಲ್ಲಿ ನಿಲ್ಲಿಸಿ ಅವಳ ಪಾದ ಮುಟ್ಟಿದೆ. ಎರಡು ಕಲ್ಲುಗಳ ಹಾಗಿದ್ದವು.

ದಯವಿಟ್ಟು ಮಕ್ಕಳ ಬಿಸಿಯಲ್ಲಿ ಉಳಿತಾಯ ಮಾಡಬೇಡಿ. ದಾರಿಯಲ್ಲಿ ಇನ್ನೊಂದು ಸಲ ಚಾರ್ಜ್ ಮಾಡಿ. ಅರ್ಧ ಗಂಟೆ ತಡವಾದರೆ ಏನೂ ಆಗುವುದಿಲ್ಲ.

ಎರಡನೇ ಕಾರಿಗೆ ಹೀಟ್ ಪಂಪ್ ಇತ್ತು. ಇನ್ನು ಚಿಂತೆಯಿಲ್ಲ ಅಂದುಕೊಂಡೆ, ಅದೂ ತಪ್ಪು. ಚಳಿ ಏರಿದಷ್ಟೂ ಗಾಳಿಯಿಂದ ಬಿಸಿ ಎಳೆಯುವುದು ಕಷ್ಟ. ಮೈನಸ್ 15, 20ಕ್ಕೆ ಹೋದರೆ ಅದರ ಲಾಭ ಬಹಳ ಇಳಿಯುತ್ತದೆ. ಇನ್ನು ಬ್ಯಾಟರಿಯೇ ತಣ್ಣಗಿದ್ದರೆ ಫಾಸ್ಟ್ ಚಾರ್ಜರ್ ಕೂಡ ಆಮೆಯಂತೆ ತೆವಳುತ್ತದೆ. ಕಾರಿನ ಮ್ಯಾಪಿನಲ್ಲಿ ಚಾರ್ಜರನ್ನೇ ಗುರಿಯಾಗಿ ಹಾಕಿ. ಈಗಿನ ಬಹಳಷ್ಟು ಕಾರುಗಳು ದಾರಿಯಲ್ಲೇ ಬ್ಯಾಟರಿ ಬೆಚ್ಚಗೆ ಮಾಡಿಕೊಳ್ಳುತ್ತವೆ. ಹೊರಡುವ ಮುಂಚೆ ಪ್ಲಗ್‌ನಲ್ಲಿ ಇರುವಾಗಲೇ ಕಾರಿನೊಳಗೆ ಬಿಸಿ ಮಾಡಿ. ಸೀಟ್ ಹೀಟರ್ ಧಾರಾಳವಾಗಿ ಹಾಕಿ, ಅದಕ್ಕೆ ಹಿಡಿಯುವುದು ಒಂದು ಹಳೇ ಬಲ್ಬಿನಷ್ಟು ಕರೆಂಟು. ಇಲ್ಲಿನ ವಾಹನ ಸವಾರರ ಸಂಘ ಎನ್‌ಎಎಫ್ ಚಳಿಗಾಲದಲ್ಲಿ ಕಾರುಗಳನ್ನು ಬ್ಯಾಟರಿ ಖಾಲಿಯಾಗುವ ತನಕ ಓಡಿಸಿ ಪರೀಕ್ಷೆ ಮಾಡುತ್ತದೆ. ಕೊಳ್ಳುವ ಮುಂಚೆ ಆ ಪಟ್ಟಿ ನೋಡಿ.

ಮಗಳಿಗೆ ಈಗ ಹನ್ನೊಂದು. ಮೈನಸ್ ಹತ್ತು ಅಂದರೆ ಅವಳಿಗೆ ಆಟದ ದಿನ. ನನಗೆ ಇನ್ನೂ ಮೈ ನಡುಗುತ್ತದೆ. ಮೊನ್ನೆ ಬಾನೆಟ್ ಮೇಲಿನ ಬಿಳಿ ಹರಳನ್ನು ಉಗುರಿನಿಂದ ಕೆರೆದು, "ಇದಕ್ಕೆ ಕನ್ನಡದಲ್ಲಿ ಏನಂತಾರೆ ಅಪ್ಪಾ?" ಅಂದಳು. ನಾರ್ವೇಜಿಯನ್ನಿನಲ್ಲಿ ರೀಮ್ ಅನ್ನುವುದು ಅವಳಿಗೆ ಗೊತ್ತು. ಹಾಸನದ ನಮ್ಮನೆಯಲ್ಲಿ ಇಬ್ಬನಿ ಇತ್ತು, ಮಂಜು ಇತ್ತು, ಇದು ಇರಲಿಲ್ಲ. ನನಗೆ ತಕ್ಷಣ ಏನೂ ಹೊಳೆಯಲಿಲ್ಲ. ಕೊನೆಗೆ "ಗಟ್ಟಿ ಇಬ್ಬನಿ" ಅಂದೆ. ಭಾನುವಾರ ಅಜ್ಜಿಗೆ ಫೋನ್ ಮಾಡಿದಾಗ ಅದನ್ನೇ ಹೇಳಿದಳು. ಅಜ್ಜಿ ಎರಡೆರಡು ಸಲ ಕೇಳಿ, ಆಮೇಲೆ "ಎಲ್ಲಿ, ವಿಡಿಯೊದಲ್ಲಿ ತೋರಿಸು ಪುಟ್ಟಿ" ಅಂದರು.