ಎಸಿಯಿಂದ ಬಿಸಿ ಗಾಳಿಯೇ? ಗ್ಯಾಸ್ ತುಂಬಿಸುವ ಮುನ್ನ ಹೀಟರ್ ಕಡೆ ನೋಡಿ

ಕಾರಿನ ಡ್ಯಾಶ್‌ಬೋರ್ಡಿನ ಕಿಂಡಿಗಳಿಂದ ಬೇಡದ ಬಿಸಿ ಗಾಳಿ ಬರತೊಡಗಿದರೆ ಹೆಚ್ಚಿನವರ ಬಾಯಿಂದ ಮೊದಲು ಹೊರಡುವ ಮಾತು ‘ಎಸಿ ಗ್ಯಾಸ್ ಖಾಲಿಯಾಗಿರಬೇಕು’ ಎಂಬುದು. ಗ್ಯಾರೇಜಿಗೆ ಹೋದರೆ ಅಲ್ಲಿಯೂ ಬಹುತೇಕ ಅದೇ ಮಾತು, ಅದೇ ಉಪಚಾರ. ಆದರೆ ತಂಪು ಬಾರದಿರುವುದು ಬೇರೆ, ಬಿಸಿ ಬರುವುದು ಬೇರೆ. ಗ್ಯಾಸ್ ಪೂರ್ತಿ ಖಾಲಿಯಾದ ಎಸಿ ಗಾಳಿಯನ್ನು ತಂಪು ಮಾಡಲಾರದು, ನಿಜ. ಆದರೆ ಅದನ್ನು ಬಿಸಿ ಮಾಡುವ ಶಕ್ತಿಯೂ ಅದಕ್ಕಿಲ್ಲ. ಹೊರಗಿನ ಹವೆಗಿಂತ ಎಷ್ಟೋ ಬಿಸಿಯಾದ ಗಾಳಿ ಮುಖಕ್ಕೆ ಬಡಿಯುತ್ತಿದ್ದರೆ ಅದಕ್ಕೆ ದಾರಿಯಲ್ಲಿ ಎಲ್ಲೋ ಶಾಖ ಸೇರಿಕೊಳ್ಳುತ್ತಿದೆ. ಪೆಟ್ರೋಲ್ ಅಥವಾ ಡೀಸೆಲ್ ಕಾರಿನಲ್ಲಿ ಆ ಶಾಖ ಬರುವುದು ಸಾಮಾನ್ಯವಾಗಿ ಒಂದೇ ಕಡೆಯಿಂದ, ಹೀಟರಿನಿಂದ.

ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ ವ್ಯವಸ್ಥೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಮುಂದಿನ ಪರೀಕ್ಷೆಗಳೆಲ್ಲ ಸುಲಭವಾಗುತ್ತವೆ. ಬ್ಲೋವರ್ ಎಳೆದುಕೊಂಡ ಗಾಳಿ ಮೊದಲು ಎಸಿಯ ಕೂಲಿಂಗ್ ಕಾಯಿಲ್ ಮೂಲಕ ಹಾದುಹೋಗುತ್ತದೆ. ಅದರಾಚೆಗೆ ಹೀಟರ್ ಕೋರ್ ಇರುತ್ತದೆ. ಇದು ಎಂಜಿನ್ನಿನ ಮುಂದಿರುವ ರೇಡಿಯೇಟರಿನ ಪುಟ್ಟ ತಮ್ಮ ಎನ್ನಬಹುದಾದ ಜಾಲರಿ. ಎಂಜಿನ್ನಿನ ಶಾಖವನ್ನು ಹೊತ್ತ, ಸುಮಾರು 90 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ಕೂಲೆಂಟ್ ಇದರೊಳಗೆ ಹರಿಯುತ್ತದೆ. ಕೂಲಿಂಗ್ ಕಾಯಿಲ್‌ಗೂ ಹೀಟರ್ ಕೋರ್‌ಗೂ ನಡುವೆ ಬಾಗಿಲಿನಂತಹ ಒಂದು ಫ್ಲ್ಯಾಪ್ ಇದ್ದು, ನೀವು ನಾಬನ್ನು ನೀಲಿ ಗೆರೆಯ ಕಡೆಗೆ ತಿರುಗಿಸಿದಾಗ ಅದು ಹೀಟರಿನ ದಾರಿಯನ್ನು ಮುಚ್ಚಿ ಗಾಳಿಯನ್ನು ನೇರವಾಗಿ ಕಿಂಡಿಗಳತ್ತ ಬಿಡುತ್ತದೆ, ಕೆಂಪಿನ ಕಡೆಗೆ ತಿರುಗಿಸಿದಾಗ ಹೀಟರಿನೊಳಗೆ ಹಾಯಿಸುತ್ತದೆ. ಅನೇಕ ಕಾರುಗಳಲ್ಲಿ ಬೇಸಿಗೆಯಿರಲಿ ಚಳಿಗಾಲವಿರಲಿ ಹೀಟರಿನೊಳಗೆ ಬಿಸಿ ಕೂಲೆಂಟ್ ಸದಾ ಹರಿಯುತ್ತಲೇ ಇರುತ್ತದೆ. ಅಂದರೆ ನಿಮಗೂ ಆ ಕುದಿಯುವ ಜಾಲರಿಗೂ ನಡುವೆ ಇರುವುದು ಆ ಒಂದು ಪ್ಲಾಸ್ಟಿಕ್ ಬಾಗಿಲು ಮಾತ್ರ. ಅದು ಬೆರಳಿನಷ್ಟು ಸಂದು ಬಿಟ್ಟುಕೊಂಡರೂ ಸಾಕು, ಎಸಿ ಎಷ್ಟೇ ದುಡಿದರೂ ಗಾಳಿ ಬೆಚ್ಚಗಾಗಿಯೇ ಬರುತ್ತದೆ.

ಮೊದಲು ಅಳೆದು ನೋಡಿ

ಕೈಯೊಡ್ಡಿ ‘ಬಿಸಿ ಇದೆ’ ಎಂದು ತೀರ್ಮಾನಿಸುವುದಕ್ಕಿಂತ ಒಂದು ಸಾಧಾರಣ ಥರ್ಮಾಮೀಟರ್ ಬಳಸುವುದು ಮೇಲು. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು. ಕೋಣೆಯ ಉಷ್ಣತೆಯನ್ನೋ ಅಡುಗೆಯ ಪದಾರ್ಥದ ಬಿಸಿಯನ್ನೋ ಅಳೆಯುವಂಥದು ಬೇಕು. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಬಿಸಿಲು ಬೀಳುವ ಮುನ್ನ ಪರೀಕ್ಷೆಗೆ ಆರಿಸಿಕೊಳ್ಳಿ. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮತ್ತು ಅದರೊಳಗಿನ ಗಾಳಿಯ ನಾಳಗಳು ಕಾದಿರುವುದರಿಂದ ಮೊದಲ ಕೆಲವು ನಿಮಿಷ ಬಿಸಿ ಗಾಳಿ ಬರುವುದು ಸಹಜ, ಅದು ದೋಷವಲ್ಲ. ಕಿಟಕಿಗಳನ್ನು ಇಳಿಸಿ ಸ್ವಲ್ಪ ದೂರ ಓಡಿಸಿದರೆ ಅದು ತಾನಾಗಿ ತಗ್ಗುತ್ತದೆ.

ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಎಸಿ ಆಫ್ ಮಾಡಿ, ನಾಬನ್ನು ಪೂರ್ತಿ ನೀಲಿಗೆ ತಿರುಗಿಸಿ, ಹೊರಗಿನ ಗಾಳಿ ಒಳಬರುವ ಆಯ್ಕೆಯನ್ನು ಒತ್ತಿ ಬ್ಲೋವರನ್ನು ಮಧ್ಯಮ ವೇಗದಲ್ಲಿಡಿ. ನಡುವಿನ ಕಿಂಡಿಯಲ್ಲಿ ಥರ್ಮಾಮೀಟರ್ ಸಿಕ್ಕಿಸಿ ಎರಡು ನಿಮಿಷದ ನಂತರದ ಅಂಕಿಯನ್ನು ಬರೆದುಕೊಳ್ಳಿ. ಅದು ಹೊರಗಿನ ಹವೆಗೆ ಹತ್ತಿರವಿರಬೇಕು. ಬಳಿಕ ಎಂಜಿನ್ ಚಾಲೂ ಮಾಡಿ, ಶಾಖದ ಮುಳ್ಳು ತನ್ನ ಮಾಮೂಲಿ ಜಾಗಕ್ಕೆ ಬರುವವರೆಗೆ, ಸುಮಾರು 15 ನಿಮಿಷ, ಓಡಿಸಿ ಮತ್ತೆ ಅಳೆಯಿರಿ. ಓಡಿಸುವಾಗ ಕಣ್ಣು ರಸ್ತೆಯ ಮೇಲಿರಲಿ, ಥರ್ಮಾಮೀಟರನ್ನು ಕಾರು ನಿಂತ ಮೇಲೆ ನೋಡಿದರೆ ಸಾಕು. ಒಳಬರುವ ಗಾಳಿ ಬಾನೆಟ್ಟಿನ ಹಿಂಬದಿಯಿಂದ ಹಾದುಬರುವುದರಿಂದ ಎರಡು ಮೂರು ಡಿಗ್ರಿ ಏರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ. ಎಂಜಿನ್ ಕಾದಂತೆಲ್ಲ ಗಾಳಿಯೂ ಕಾಯುತ್ತ ಹೋಗಿ ಹತ್ತು ಡಿಗ್ರಿಯೋ ಅದಕ್ಕಿಂತ ಹೆಚ್ಚೋ ಏರಿದರೆ ಮಾತ್ರ ಹೀಟರನ್ನು ಹಿಡಿಯಬೇಕು.

ಆ ಏರಿಕೆ ಕಂಡಾಗ ಗಾಳಿಯ ಆಯ್ಕೆಯನ್ನು ಬದಲಿಸಿ, ಒಳಗಿನ ಗಾಳಿಯೇ ಸುತ್ತುವಂತೆ ಮಾಡಿ. ಬಿಸಿ ಬೇಗನೆ ತಗ್ಗಿದರೆ ಹೀಟರ್ ನಿರಪರಾಧಿ. ಬಾನೆಟ್ಟಿನ ಹಿಂಭಾಗದ ಅಂಚಿನಲ್ಲಿರುವ ಉದ್ದನೆಯ ರಬ್ಬರ್ ಪಟ್ಟಿ ಹರಿದೋ ಕಳಚಿಯೋ ಎಂಜಿನ್ ಕೋಣೆಯ ಬಿಸಿ ಹವೆ ಗಾಜಿನ ಬುಡದ ಗಾಳಿಕಿಂಡಿಗೆ ನುಗ್ಗುತ್ತಿರಬಹುದು. ಪಟ್ಟಿಯನ್ನು ಮತ್ತೆ ಕೂರಿಸಿದರೆ ಆಯಿತು. ಬಿಸಿ ತಗ್ಗದೆ ಹಾಗೆಯೇ ಉಳಿದರೆ ಮುಂದಿನ ಹೆಜ್ಜೆ.

ನಾಬಿಗೆ ಕಿವಿಗೊಡಿ

ಬ್ಲೋವರ್ ಮತ್ತು ರೇಡಿಯೊ ಎರಡನ್ನೂ ಆರಿಸಿ ನಾಬನ್ನು ನಿಧಾನವಾಗಿ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಕೈಯಿಂದ ತಿರುಗಿಸುವ ಹಳೆಯ ಮಾದರಿಯ ನಾಬಿಗೆ ಉಕ್ಕಿನ ಕೇಬಲ್ ಜೋಡಿಸಿರುತ್ತದೆ. ಸರಿಯಾಗಿದ್ದರೆ ಉದ್ದಕ್ಕೂ ಒಂದೇ ಸಮನಾದ ಬಿಗಿ ಕೈಗೆ ಸಿಗುತ್ತದೆ ಮತ್ತು ಎರಡೂ ತುದಿಗಳಲ್ಲಿ ಫ್ಲ್ಯಾಪ್ ಮುಚ್ಚಿಕೊಂಡ ಮೆತ್ತನೆಯ ಸದ್ದು ಕೇಳುತ್ತದೆ. ನಾಬು ಬುಗುರಿಯಂತೆ ಸಲೀಸಾಗಿ ತಿರುಗಿದರೆ ಕೇಬಲ್ ಕಳಚಿದೆ. ನೀಲಿಯ ಕೊನೆಯನ್ನು ಮುಟ್ಟುವ ಮೊದಲೇ ತಡೆದು ನಿಂತರೆ ಕೇಬಲ್ ಜಾಗ ತಪ್ಪಿದೆ, ಇಲ್ಲವೇ ಫ್ಲ್ಯಾಪಿಗೆ ಏನೋ ಅಡ್ಡ ಸಿಕ್ಕಿದೆ.

ಉಷ್ಣತೆಯನ್ನು ಅಂಕಿಯಲ್ಲಿ ತೋರಿಸುವ ಕಾರುಗಳಲ್ಲಿ ಫ್ಲ್ಯಾಪನ್ನು ಪುಟ್ಟ ಮೋಟರ್ ತಿರುಗಿಸುತ್ತದೆ. ಇಗ್ನಿಷನ್ ಆನ್ ಮಾಡಿ ಅತಿ ಕಡಿಮೆಯಿಂದ ಅತಿ ಹೆಚ್ಚಿಗೆ ಬದಲಿಸಿದಾಗ ಕೆಲವು ಸೆಕೆಂಡು ಸಣ್ಣಗೆ ಗುಂಯ್‌ಗುಟ್ಟಿ ಅದು ನಿಲ್ಲಬೇಕು. ಅದರ ಬದಲು ಗೋಡೆ ಗಡಿಯಾರದಂತೆ ಟಿಕ್ ಟಿಕ್ ಎಂದು ಬಡಿದುಕೊಳ್ಳುತ್ತಿದ್ದರೆ ಮೋಟರಿನೊಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಮುರಿದಿದೆ ಎಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ಚಾಲಕನ ಕಡೆಗೂ ಪಕ್ಕದ ಆಸನದ ಕಡೆಗೂ ಬೇರೆ ಬೇರೆ ಉಷ್ಣತೆ ಇಡುವ ಸೌಲಭ್ಯವಿದ್ದು ಒಂದು ಕಡೆ ಮಾತ್ರ ಬಿಸಿ ಬರುತ್ತಿದ್ದರೆ ಆ ಕಡೆಯ ಮೋಟರಿನ ಮೇಲೆ ಮೊದಲ ಅನುಮಾನ ಇರಲಿ. ಆದರೆ ಗ್ಯಾಸ್ ಕಡಿಮೆಯಾದಾಗಲೂ ಕೂಲಿಂಗ್ ಕಾಯಿಲ್ ಒಂದು ಬದಿಯಲ್ಲಷ್ಟೇ ತಣ್ಣಗಾಗಿ ಇದೇ ಲಕ್ಷಣ ತೋರುವುದುಂಟು. ಎಸಿ ಆರಿಸಿದ ಮೇಲೂ ಎರಡು ಕಡೆಗಳ ವ್ಯತ್ಯಾಸ ಉಳಿಯುತ್ತದೆಯೇ ಎಂದು ನೋಡಿದರೆ ಈ ಗೊಂದಲ ಬಗೆಹರಿಯುತ್ತದೆ.

ಡ್ಯಾಶ್‌ಬೋರ್ಡಿನ ಕೆಳಗೆ

ಇನ್ನು ಟಾರ್ಚ್ ಹಿಡಿದು ಬಗ್ಗಬೇಕು. ಕಾರು ಆರಿಸಿ, ಬೀಗದ ಕೈ ತೆಗೆದು, ಗ್ಲೌ ಬಾಕ್ಸ್ ಅಥವಾ ಕಾಲಿನ ಬಳಿಯ ಮುಚ್ಚಳವನ್ನು ಬಿಚ್ಚಿ. ಹಳದಿ ಬಣ್ಣದ ವೈರುಗಳು ಮತ್ತು ಕನೆಕ್ಟರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು. ಅವುಗಳನ್ನು ಮುಟ್ಟಬೇಡಿ, ಅವು ದಾರಿಗೆ ಅಡ್ಡವಾಗಿದ್ದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ಕಿಗೆ ಬಿಡಿ. ಹೀಟರಿನ ಕಪ್ಪು ಪೆಟ್ಟಿಗೆಯ ಪಕ್ಕದಲ್ಲಿ ಬೆರಳುದ್ದದ ಒಂದು ಲಿವರ್ ಕಾಣುತ್ತದೆ. ಒಬ್ಬರು ನಾಬನ್ನು ತಿರುಗಿಸುತ್ತಿರಲು ಇನ್ನೊಬ್ಬರು ಆ ಲಿವರ್ ತುದಿಯಿಂದ ತುದಿಗೆ ಚಲಿಸುತ್ತಿದೆಯೇ ಎಂದು ನೋಡಬೇಕು.

ನನ್ನ ಹಳೆಯ ಕಾರಿನಲ್ಲಿ ಆದದ್ದು ಇಲ್ಲಿಯೇ. ಒಂದೇ ಬೇಸಿಗೆಯಲ್ಲಿ ಎರಡು ಬಾರಿ ಗ್ಯಾಸ್ ತುಂಬಿಸಿದರೂ ಮಧ್ಯಾಹ್ನದ ಹೊತ್ತಿಗೆ ಕಿಂಡಿಯಿಂದ ಉಗುರುಬೆಚ್ಚನೆಯ ಗಾಳಿಯೇ ಬರುತ್ತಿತ್ತು. ಕೊನೆಗೊಂದು ದಿನ ಗ್ಲೌ ಬಾಕ್ಸ್ ಇಳಿಸಿ ನೋಡಿದಾಗ ಕೇಬಲಿನ ಹೊರಕವಚವನ್ನು ಹಿಡಿದಿಡುವ ಉಗುರಿನಷ್ಟು ದೊಡ್ಡ ತಗಡಿನ ಕ್ಲಿಪ್ ಸಡಿಲವಾಗಿ ಕವಚ ಸುಮಾರು ಒಂದು ಸೆಂಟಿಮೀಟರ್ ಹಿಂದಕ್ಕೆ ಜಾರಿತ್ತು. ನಾಬು ನೀಲಿಯನ್ನು ಮುಟ್ಟುತ್ತಿತ್ತು, ಲಿವರ್ ಮಾತ್ರ ಕೊನೆಗೆ ಬರುವ ಮೊದಲೇ ನಿಲ್ಲುತ್ತಿತ್ತು. ನಾಬನ್ನು ನೀಲಿಯ ಕೊನೆಗೆ ಇಟ್ಟು, ಲಿವರನ್ನು ಬೆರಳಿನಿಂದ ತಂಪಿನ ತುದಿಗೆ ಒತ್ತಿ ಹಿಡಿದು, ಕವಚವನ್ನು ಕ್ಲಿಪ್ಪಿನೊಳಗೆ ಕೂರಿಸಿ ಒತ್ತಿದೆ. ಐದು ನಿಮಿಷದ ಕೆಲಸ. ಕೇಬಲಿರುವ ಯಾವ ಕಾರಿಗೂ ಹೊಂದಿಸುವ ಕ್ರಮ ಇದೇ: ಎರಡೂ ತುದಿಗಳನ್ನು ತಂಪಿನ ಕೊನೆಗೆ ತಂದ ನಂತರವೇ ಕ್ಲಿಪ್ ಹಾಕಬೇಕು.

ಮೋಟರ್ ಇರುವ ಕಾರಿನಲ್ಲಿ ಎರಡು ಮೂರು ಸ್ಕ್ರೂ ಬಿಚ್ಚಿದರೆ ಮೋಟರ್ ಕೈಗೆ ಬರುತ್ತದೆ. ಅದಕ್ಕೆ ಮುನ್ನ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿಡಿ. ಈಗ ಫ್ಲ್ಯಾಪಿನ ಕಡ್ಡಿಯನ್ನು ಕೈಯಿಂದಲೇ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿ, ಒಂದು ಕೊನೆಯಲ್ಲಿಟ್ಟು ಬ್ಯಾಟರಿ ಮರಳಿ ಜೋಡಿಸಿ ನೋಡಿದಾಗ ಗಾಳಿ ತಣ್ಣಗಾದರೆ ಕೆಟ್ಟಿರುವುದು ಮೋಟರೋ ಅದಕ್ಕೆ ಹೋಗುವ ವೈರೋ ಆಗಿರಬೇಕು. ಹೊಸತು ಸಿಗುವವರೆಗೆ ಕಡ್ಡಿಯನ್ನು ತಂಪಿನ ಕೊನೆಯಲ್ಲೇ ಬಿಟ್ಟು ಕಾರು ಓಡಿಸಬಹುದು. ಹೊಸ ಮೋಟರ್ ಕೂರಿಸಿದ ಮೇಲೆ ಅದು ತನ್ನ ಎರಡು ತುದಿಗಳನ್ನು ಕಲಿತುಕೊಳ್ಳಬೇಕಾಗುತ್ತದೆ. ಕೆಲವು ಕಾರುಗಳು ಬ್ಯಾಟರಿ ಮರಳಿ ಜೋಡಿಸಿದೊಡನೆ ತಾವೇ ಕಲಿಯುತ್ತವೆ, ಕೆಲವಕ್ಕೆ ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕು. ಕಡ್ಡಿ ತಿರುಗದೆ ಬಿಗಿಯಾಗಿದ್ದರೆ ಬಲ ಹಾಕಬೇಡಿ. ಮೇಲಿನ ಕಿಂಡಿಗಳಿಂದ ಬಿದ್ದ ಪೆನ್ನೋ ನಾಣ್ಯವೋ ಒಳಗೆ ಸಿಕ್ಕಿಕೊಂಡಿರುವುದು ಅಪರೂಪವಲ್ಲ. ಕಿಂಡಿಗಳಿಂದ ಕಪ್ಪು ಸ್ಪಂಜಿನ ಪುಡಿ ಹಾರಿಬರುತ್ತಿದ್ದರೆ ಫ್ಲ್ಯಾಪಿನ ಅಂಚಿಗೆ ಅಂಟಿಸಿದ್ದ ಫೋಮ್ ಹುಡಿಯಾಗುತ್ತಿದೆ. ಆಗ ಬಾಗಿಲು ಮುಚ್ಚಿದ್ದರೂ ಸಂದುಗಳಿಂದ ಬಿಸಿ ಸೋರುತ್ತದೆ, ಅದಕ್ಕೆ ಪೆಟ್ಟಿಗೆಯನ್ನೇ ಬಿಚ್ಚದೆ ಗತಿಯಿಲ್ಲ.

ಬಾನೆಟ್ ಎತ್ತಿ

ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯೊಳಕ್ಕೆ ಎರಡು ರಬ್ಬರ್ ಹೋಸುಗಳು ಹೋಗುತ್ತವೆ. ಹೀಟರಿಗೆ ಕೂಲೆಂಟ್ ಒಯ್ಯುವುದೊಂದು, ಹಿಂದಕ್ಕೆ ತರುವುದು ಇನ್ನೊಂದು. ಕೆಲವು ಕಾರುಗಳಲ್ಲಿ ಒಯ್ಯುವ ಹೋಸಿನ ನಡುವೆ ಕೂಲೆಂಟ್ ತಡೆಯುವ ವಾಲ್ವ್ ಇರುತ್ತದೆ. ನಾಬು ನೀಲಿಯಲ್ಲಿದ್ದಾಗ ವಾಲ್ವಿನ ಎಂಜಿನ್ ಕಡೆಗೆ ಬಿಸಿಯೂ ಹೀಟರ್ ಕಡೆಗೆ ಅದಕ್ಕಿಂತ ತಣ್ಣಗೂ ಇರಬೇಕು. ಎರಡೂ ಕಡೆ ಒಂದೇ ಬಿಸಿಯಿದ್ದರೆ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆ, ಅಥವಾ ಅದನ್ನು ನಡೆಸುವ ಕೇಬಲ್ ಇಲ್ಲವೇ ಸಣ್ಣ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿದೆ. ವಾಲ್ವೇ ಇಲ್ಲದ ಕಾರಿನಲ್ಲಿ ಎರಡು ಹೋಸುಗಳೂ ಬಿಸಿಯಾಗಿರುವುದೇ ಸರಿಯಾದ ಸ್ಥಿತಿ. ಇದನ್ನು ತಿಳಿಯದೆ ಇಲ್ಲದ ವಾಲ್ವಿಗಾಗಿ ಹುಡುಕಾಡುವವರನ್ನು ಕಂಡಿದ್ದೇನೆ. ಹೋಸನ್ನು ಮುಟ್ಟುವಾಗ ದಪ್ಪ ಬಟ್ಟೆ ಬಳಸಿ. ಫ್ಯಾನ್ ಯಾವ ಕ್ಷಣದಲ್ಲಾದರೂ ತಾನಾಗಿ ತಿರುಗಬಹುದು ಎಂಬ ಎಚ್ಚರವಿರಲಿ, ಬಿಸಿ ಎಂಜಿನ್ನಿನಲ್ಲಿ ರೇಡಿಯೇಟರಿನ ಮುಚ್ಚಳವನ್ನಂತೂ ಎಂದಿಗೂ ತೆರೆಯಬೇಡಿ.

ಇನ್ನೂ ಅನುಮಾನ ಉಳಿದಿದ್ದರೆ ಮೆಕ್ಯಾನಿಕ್ಕುಗಳು ಹೋಸನ್ನು ಹಿಸುಕುವ ಕ್ಲ್ಯಾಂಪ್ ಹಾಕಿ ಹೀಟರಿನ ಹರಿವನ್ನು ಕೆಲ ನಿಮಿಷ ನಿಲ್ಲಿಸಿ ನೋಡುತ್ತಾರೆ. ಕಿಂಡಿಯ ಗಾಳಿ ತಣ್ಣಗಾದರೆ ಶಾಖ ಬರುತ್ತಿದ್ದುದು ಹೀಟರಿನಿಂದಲೇ ಎಂದು ಖಚಿತವಾಯಿತು. ಸಾಮಾನ್ಯ ಇಕ್ಕಳದಿಂದ ಇದನ್ನು ಮಾಡಹೋದರೆ ಹಳೆಯ ರಬ್ಬರ್ ಸೀಳುತ್ತದೆ. ಇದರ ಮುಂದುವರಿಕೆಯಾಗಿ ಎರಡು ಹೋಸುಗಳನ್ನು ಒಂದಕ್ಕೊಂದು ಜೋಡಿಸಿ ಹೀಟರನ್ನೇ ಬಿಟ್ಟುಬಿಡುವ ಉಪಾಯವೊಂದು ರೂಢಿಯಲ್ಲಿದೆ. ತಾತ್ಕಾಲಿಕವಾಗಿ ಅದು ನಡೆಯುತ್ತದೆ. ಆದರೆ ಮುಂದಿನ ಗಾಜಿಗೆ ಕವಿದ ಮಂಜನ್ನು ಬೇಗ ಒಣಗಿಸುವ ಬಿಸಿ ಗಾಳಿಯೂ ಅದರೊಂದಿಗೆ ಹೋಗುವುದರಿಂದ ಮಳೆಗಾಲ, ಚಳಿಗಾಲ ಬರುವ ಮೊದಲೇ ಮೊದಲಿನಂತೆ ಜೋಡಿಸಬೇಕು. ಹೋಸಿನ ಬಾಯಿಗೆ ಬಿರಡೆ ಜಡಿಯುವುದಂತೂ ಕೂಡದು, ಏಕೆಂದರೆ ಕೆಲವು ಎಂಜಿನ್ನುಗಳಲ್ಲಿ ಕೂಲೆಂಟ್ ಸುತ್ತುವ ದಾರಿಯಲ್ಲಿ ಹೀಟರೂ ಸೇರಿರುತ್ತದೆ.

ಕ್ಯಾಬಿನ್ನಿನಲ್ಲಿ ಸಿಹಿಯಾದ ವಾಸನೆ, ಗಾಜಿನ ಒಳಮೈಯಲ್ಲಿ ಜಿಡ್ಡಿನ ಪೊರೆ, ಕಾಲಿನ ಬಳಿಯ ಕಾರ್ಪೆಟ್ಟಿನಲ್ಲಿ ಒದ್ದೆ ಕಂಡರೆ ಹೀಟರ್ ಕೋರ್ ಸೋರುತ್ತಿದೆ ಎಂದು ತಿಳಿದು ತಡಮಾಡದೆ ತೋರಿಸಬೇಕು. ಕೂಲೆಂಟ್ ಇಳಿದರೆ ಎಂಜಿನ್ನಿಗೇ ಅಪಾಯ. ಶಾಖದ ಮುಳ್ಳು ಮೇಲೇರಿದ್ದರೆ ಕಿಂಡಿಯ ಗಾಳಿಯ ಚಿಂತೆ ಬಿಟ್ಟು ಎಂಜಿನ್ನನ್ನು ನೋಡಬೇಕು. ವಿಚಿತ್ರವೆಂದರೆ ಕಾರು ನಿಲ್ಲಿಸಲು ಜಾಗ ಸಿಗುವವರೆಗೆ ಎಸಿ ಆರಿಸಿ ಹೀಟರನ್ನು ಪೂರ್ತಿ ತೆರೆದರೆ ಎಂಜಿನ್ನಿಗೆ ಸ್ವಲ್ಪ ಬಿಡುವು ಸಿಗುತ್ತದೆ, ಇಷ್ಟು ಹೊತ್ತು ನಾವು ದೂರುತ್ತಿದ್ದ ಜಾಲರಿಯೇ ಆಗ ನೆರವಿಗೆ ಬರುತ್ತದೆ.

ಎಸಿಯ ಸರದಿ ಬರುವುದು ಇದೆಲ್ಲ ಸರಿಯಿದ್ದರೆ ಮಾತ್ರ. ಓಡುವಾಗ ತಂಪಾಗಿದ್ದು ಸಿಗ್ನಲಿನಲ್ಲಿ ನಿಂತೊಡನೆ ಬೆಚ್ಚಗಾದರೆ, ಎಸಿಯ ಶಾಖವನ್ನು ಹೊರಹಾಕುವ ಜಾಲರಿಯಾದ ಕಂಡೆನ್ಸರಿನ ಫ್ಯಾನ್ ನೋಡಿಸಿ. ಗ್ಯಾಸಿನ ಕೆಲಸವನ್ನು ಮನೆಯಲ್ಲಿ ಮಾಡಬಾರದು. ಒತ್ತಡದಲ್ಲಿರುವ ಆ ಅನಿಲ ಚರ್ಮಕ್ಕೆ ತಾಗಿದರೆ ಹೆಪ್ಪುಗಟ್ಟಿಸುತ್ತದೆ, ಅದನ್ನು ಗಾಳಿಗೆ ಬಿಡುವುದೂ ತಪ್ಪು.

ಗ್ಯಾರೇಜಿಗೆ ಹೋಗಲೇಬೇಕಾದಾಗ ‘ಎಸಿ ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ಹೇಳಬೇಡಿ. ಎಸಿ ಆರಿಸಿ ಅಳೆದ ಎರಡು ಅಂಕಿಗಳನ್ನು, ತಣ್ಣನೆಯ ಎಂಜಿನ್ನಿನಲ್ಲಿ ಇಷ್ಟು, ಕಾದ ಎಂಜಿನ್ನಿನಲ್ಲಿ ಇಷ್ಟು ಎಂದು ಬರೆದುಕೊಟ್ಟು, ನಾಬಿನ ಸದ್ದನ್ನೂ ವಿವರಿಸಿ. ಅನೇಕ ಕಾರುಗಳಲ್ಲಿ ಹೀಟರ್ ಪೆಟ್ಟಿಗೆ ಹೊರತೆಗೆಯಲು ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುತ್ತದೆ. ಆ ಕೆಲಸಕ್ಕೆ ಒಪ್ಪುವ ಮೊದಲು ಕ್ಲ್ಯಾಂಪಿನ ಪರೀಕ್ಷೆಯನ್ನು ನಿಮ್ಮೆದುರಿನಲ್ಲೇ ಮಾಡಿ ತೋರಿಸುವಂತೆ ಕೇಳಿ.